ಎರಡು ಬೆರಳು ಬಟ್ಟೆ

ಬಿರ್ಕತ್ ಅಲ್ ಮೋಜ್. ಹೆಸರಿನಲ್ಲಷ್ಟೇ ಮೋಜು,
ಅರಬಿಯಲ್ಲಿ ಅದು ಬಾಳೆಹಣ್ಣು.
ಜುಲೈ ತಿಂಗಳು ಇಲ್ಲಿ ಕತ್ತರಿ ಮುಟ್ಟಿದರೂ ಕೈ ಸುಡುತ್ತದೆ.
ಒಂದು ಗಂಟೆಗೆ ಷಟರ್ ಎಳೆದರೆ ನಾಲ್ಕರ ತನಕ
ನಾನು, ಫ್ಯಾನು, ಚೀಟಿಯ ಲೆಕ್ಕದ ಪುಸ್ತಕ.

ಹನ್ನೆರಡು ಜನ, ತಿಂಗಳಿಗೆ ತಲಾ ಇಪ್ಪತ್ತು ರಿಯಾಲ್.
ಅವಸರ ಇದ್ದವನು ಕೂಗಿ, ಕಡಿಮೆಗೆ ಎತ್ತುತ್ತಾನೆ;
ಬಿಟ್ಟ ದುಡ್ಡನ್ನು ಹನ್ನೆರಡು ಪಾಲು ಮಾಡುತ್ತೇವೆ.
ನಾನು ಒಮ್ಮೆಯೂ ಕೂಗಿದವನಲ್ಲ.
ಕೊನೆಯ ಚೀಟಿ ಟೈಲರ್ ಮಾಸ್ಟರಿಗೆ ಅಂತ
ನಿನ್ನೆ ಬಂದ ಹುಡುಗನಿಗೂ ಗೊತ್ತು.

ಈ ಸಲ ಕೆಫ್ಟೇರಿಯಾದ ಪುತ್ತುಮೋನು
ಎರಡನೇ ತಿಂಗಳಲ್ಲೇ ಮೂವತ್ತಾರು ಬಿಟ್ಟು ಎತ್ತಿದ.
ಆಸ್ಪತ್ರೆಗಾ? ಅಲ್ಲ. ಮನೆಗೆ ಸ್ಲ್ಯಾಬಾ? ಅಲ್ಲ.
‘ಮೈಮೂನಾನ ಕರೆಸ್ತೇನೆ, ಇಪ್ಪತ್ತು ದಿನ.
ಖರ್ಜೂರ ಹಣ್ಣಾಗುವಾಗ ಇಲ್ಲಿರಲಿ.’
ಮೂವತ್ತಾರು ರಿಯಾಲ್ ಮಾರಾಯಾ,
ಹನ್ನೆರಡು ದಿಶ್‌ದಾಶದ ಮಜೂರಿ!
ಅವನು ಚಹಾ ಎತ್ತಿ ಎತ್ತಿ ಹೊಯ್ಯುತ್ತಾ ನಕ್ಕ.
ಅವನ ಆತುರದಲ್ಲಿ ನನ್ನ ಪಾಲು ಮೂರು ರಿಯಾಲ್.
ಬರೆದುಕೊಂಡೆ.

ಅಮ್ಮ ಹೇಳುತ್ತಿದ್ದಳು,
ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು.
ಅವಳು ನಿಂತೇ ಉಂಡಳು, ಒಲೆಯ ಪಕ್ಕ, ಕೊನೆಯವಳಾಗಿ.
ಕುಡಿಕೆ ಎಲ್ಲಿತ್ತೋ ನಾನು ಕಾಣೆ.

ಖಲ್ಫಾನ್ ಅಜ್ಜನ ತೋಟಕ್ಕೆ
ಬುಧವಾರ ನಡುರಾತ್ರಿ ಅರ್ಧ ಗಂಟೆ ಫಲಜಿನ ನೀರು.
ಅಪ್ಪನಿಂದ ಬಂದ ಪಾಲು. ನಿದ್ದೆ ಹತ್ತಿದರೆ
ಪಕ್ಕದವನ ಮರ ಕುಡಿದು ಮುಗಿಸುತ್ತದೆ.
ಕಟ್ಟಿಡಬಾರದಾ, ಕೇಳಿದ್ದೆ ಮೊದಲ ವರ್ಷ.
ಉಸಿರು ಕಟ್ಟಿಡು ಅಂದಹಾಗೆ ನನ್ನನ್ನು ನೋಡಿದ್ದರು.

ಹಾಗಂತ ದುಂದುಗಾರರಲ್ಲ ಅಜ್ಜ.
ಅರ್ಧ ಗೊನೆ ಮರದಲ್ಲೇ ಒಣಗಲು ಬಿಡುತ್ತಾರೆ,
ಚೀಲದ ಮೇಲೆ ಚೀಲ ಪೇರಿಸಿ ಚಳಿಗಾಲ ಕಳೆಯುತ್ತಾರೆ;
ಅಡಿಯ ಚೀಲ ಭಾರಕ್ಕೆ ಅದುಮಿ
ರಸ ಒಸರಿ ಕಾಲುವೆಯಲ್ಲಿ ಕಪ್ಪಗೆ ಕೂಡುತ್ತದೆ.
ಯಾವ ಗೊನೆ ಈಗ, ಯಾವುದು ಆಮೇಲೆ, ಹೇಗೆ ಗೊತ್ತು ಮಾಡುತ್ತೀರಿ?
ಅಜ್ಜ ಟೊಪ್ಪಿ ಸರಿಮಾಡಿಕೊಂಡರು.
‘ಮನೆಗೆ ಯಾರು ಬಂದಿದ್ದಾರೆ, ನೋಡುತ್ತೇನೆ.’

ಮೈಮೂನಾ ಬಂದಳು.
ಫಲಜಿನಲ್ಲಿ ಕಾಲು ಇಳಿಬಿಟ್ಟು ಕೂತು
ಹಸಿಹಣ್ಣು ತಿಂದು ಬೀಜವನ್ನೆಲ್ಲ ಸೆರಗಿನ ತುದಿಗೆ ಕಟ್ಟಿದಳು.
ವಿಟ್ಲದಲ್ಲಿ ನೆಡಲಿಕ್ಕಂತೆ! ಆ ಮಳೆಗೆ, ಖರ್ಜೂರ!
ಪುತ್ತುಮೋನು ಏನೂ ಹೇಳಲಿಲ್ಲ,
ಇನ್ನೊಂದು ಬೀಜ ಕೊಟ್ಟ.

ನನಗೂ ಒಂದು ಪೊಟ್ಟಣ ತಂದಿದ್ದಳು.
ವಾರಿಜ ಕಳಿಸಿದ್ದು: ಹಳೇ ರವಕೆ, ಅಳತೆಗೆ.
ನಾನೇ ಹೊಲಿದದ್ದು. ಟಿಕೆಟ್ಟಿನ ಬದಲು ದುಡ್ಡು ಪಡೆದು
ಊರಿಗೆ ಹೋಗದೆ ಉಳಿದ ವರ್ಷದ್ದು, ಅದಕ್ಕೀಗ ನಾಲ್ಕು ವರ್ಷ.
ಯಾವ ಬಟ್ಟೆಗಾದರೂ ಹೊಲಿಗೆಯ ಒಳಗೆ
ಎರಡು ಬೆರಳು ಬಿಡುವುದು ನನ್ನ ಅಭ್ಯಾಸ,
ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಅಂತ.

ತಿರುವಿ ನೋಡಿದೆ.
ಎರಡು ಬೆರಳು ಹಾಗೇ ಇತ್ತು, ಬಣ್ಣವೂ ಹೋಗದೆ.
ಅದರ ಈಚೆಗೆ ಇನ್ನೂ ಒಂದು ಬೆರಳು ಒಳಗೆ ಹಿಡಿದು
ಕೈಹೊಲಿಗೆ ಹಾಕಿದ್ದಳು. ಬೇರೆ ಬಣ್ಣದ ನೂಲು.
ಫೋನಿನಲ್ಲಿ ದಿನಾ ಹೇಳುತ್ತಾಳೆ, ಚೆನ್ನಾಗಿದ್ದೇನೆ.

ಸಂಜೆ ಅಜ್ಜ ಬಟ್ಟಲು ತಂದಿಟ್ಟರು, ಅರ್ಧ ಹಳದಿ, ಅರ್ಧ ಕಂದು.
ಈ ಜಾತಿಗೆ ಹೆಸರೇ ಖಲಾಸ್.
ಪ್ರತಿ ವರ್ಷ ತಗಡಿನ ಮೇಲೆ ಒಣಗಿಸಿ ಡಬ್ಬಿ ತುಂಬುತ್ತೇನೆ.
ಈ ಸಲ ಒಂದು ತಿಂದೆ. ಇನ್ನೊಂದು.
ಸಿಹಿ ಮೊಣಕೈಗೆ ಇಳಿಯಿತು.

ಕೈ ತೊಳೆದು ಪುಸ್ತಕ ತೆಗೆದೆ.
ಮುಂದಿನ ಚೀಟಿ ಐದನೇ ತಾರೀಕು.
ಕೂಗಿ ಗೊತ್ತಿಲ್ಲ ನನಗೆ. ಗಟ್ಟಿಯಾಗಿಯೋ, ಮೆಲ್ಲಗೋ?
ಖಾಲಿ ಅಂಗಡಿಯಲ್ಲಿ, ಫ್ಯಾನು ಆರಿಸಿ,
ಒಮ್ಮೆ ಹೇಳಿ ನೋಡಿದೆ:
ನಲವತ್ತು.